ಕೀಲಿಮಣೆ ಬೆರಳಿಗೋ, ಬೆರಳು ಕೀಲಿಮಣೆಗೋ?

ಜಯನಗರದಲ್ಲೋ ಬನಶಂಕರಿಯಲ್ಲೋ ಶಾಲೆಯೊಂದರ ಗಣಕ ಕೊಠಡಿಯನ್ನು ನೆನಪಿಸಿಕೊಳ್ಳಿ. ಕೀಲಿಗಳ ಮೇಲೆ ಮುದ್ರಿತವಾಗಿರುವುದು ರೋಮನ್ ಅಕ್ಷರ. ವಿದ್ಯಾರ್ಥಿ ಮೂಡಿಸಬೇಕಾದುದು ಕನ್ನಡ. ಬೆರಳು ತಪ್ಪಿದರೆ ‘ಅಭ್ಯಾಸ ಸಾಲದು’ ಎನ್ನುತ್ತೇವೆ. ತಪ್ಪು ವಿದ್ಯಾರ್ಥಿಯದೋ, ವಿನ್ಯಾಸದ್ದೋ?

ಈ ಪ್ರಶ್ನೆಗೆ ವಿಜ್ಞಾನದ ಮಹತ್ವ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬಿ-17 ವಿಮಾನಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್‌ಗಳ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಎರಡರ ನಿಯಂತ್ರಕಗಳೂ ಹತ್ತಿರ ಹತ್ತಿರ, ಒಂದೇ ಬಗೆಯಲ್ಲಿದ್ದುವೆಂದು ಮನೋವಿಜ್ಞಾನಿ ಆಲ್ಫೊನ್ಸ್ ಚಪಾನಿಸ್ ಗುರುತಿಸಿದರು. ಒಂದಕ್ಕೆ ಚಕ್ರದ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಡುವುದೇ ಪರಿಹಾರವಾಯಿತು. ಮನುಷ್ಯನನ್ನು ತಿದ್ದುವ ಮೊದಲು ಸಾಧನವನ್ನು ತಿದ್ದು ಎಂಬುದು ಮಾನವಾಂಶ ವಿಜ್ಞಾನದ ಮೊದಲ ಪಾಠ.

ಕನ್ನಡಕ್ಕೆ ಇದೇ ಪ್ರಶ್ನೆ ಕೀಲಿಮಣೆಯ ರೂಪದಲ್ಲಿ ಎದುರಾಯಿತು. ವರ್ಣಮಾಲೆಯಲ್ಲಿ 49 ಅಕ್ಷರಗಳು. ಗುಣಿತ, ಒತ್ತಕ್ಷರಗಳು ಸೇರಿದರೆ ಬರಹದ ರೂಪಗಳು ಸಾವಿರಾರು. ಬೆರಳಚ್ಚು ಯಂತ್ರದಲ್ಲಿ ಕೀಲಿಗಳು ಕೆಲವೇ. ಆದುದರಿಂದ ಬೆರಳಚ್ಚುಗಾರರು ಅಕ್ಷರವನ್ನು ಕೊಂಬು, ದೀರ್ಘ, ಒತ್ತು ಎಂದು ಆಕಾರದ ತುಂಡುಗಳಾಗಿ ಒಡೆದು ಜೋಡಿಸಬೇಕಾಗಿತ್ತು. ಉಚ್ಚಾರವನ್ನು ಮರೆತು ಆಕಾರವನ್ನು ನೆನೆಯುವುದು ಯಂತ್ರಕ್ಕೆ ಮನುಷ್ಯ ತೆತ್ತ ಸುಂಕ.

ಗಣಕ ಬಂದ ಮೇಲೆ ಜೋಡಿಸುವ ಕೆಲಸವನ್ನು ತಂತ್ರಾಂಶಕ್ಕೇ ವಹಿಸಬಹುದಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಕೆ.ಪಿ. ರಾವ್ ಅವರು ಉಚ್ಚಾರವನ್ನು ಆಧರಿಸಿದ ವಿನ್ಯಾಸವನ್ನು ರೂಪಿಸಿದರು. ಇದರಲ್ಲಿ ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ‘ಎಫ್’ ಕೀಲಿ ಅಕ್ಷರಗಳನ್ನು ಬೆಸೆಯುವ ಕೊಂಡಿ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು: ಐದು ಒತ್ತುಗಳು. ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನು ಮಾನಕವಾಗಿ ಸ್ವೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿಗಳನ್ನು ತಲುಪಿತು.

ಆದರೆ ಒಂದು ಕೊರತೆಯನ್ನು ಗಮನಿಸಿ. ‘ಟಿ’ ಮತ್ತು ‘ಡಿ’ ಕೀಲಿಗಳು ತ, ದಗಳ ಪಾಲಾದುದರಿಂದ ಟಕಾರ ‘ಕ್ಯೂ’ಗೆ, ಡಕಾರ ‘ಡಬ್ಲ್ಯು’ಗೆ ಹೋದವು. ಇಲ್ಲಿ ಉಚ್ಚಾರದ ನೆರವಿಲ್ಲ, ನೆನಪೊಂದೇ ಗತಿ. ಇಂಗ್ಲಿಷ್ ಅಕ್ಷರ ಅರಿಯದವರಿಗಂತೂ ಎಲ್ಲ ಕೀಲಿಗಳೂ ಹಾಗೆಯೇ. 1991ರ ಭಾರತೀಯ ಮಾನಕದಲ್ಲಿ ಸೇರಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸವಾದರೋ ರೋಮನ್ ಲಿಪಿಯನ್ನು ಅವಲಂಬಿಸಿಲ್ಲ: ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ, ಭಾರತೀಯ ಲಿಪಿಗಳಿಗೆಲ್ಲ ಒಂದೇ ಕ್ರಮ. ಅದರಲ್ಲೂ ‘ಕನ್ನಡ’ಕ್ಕೆ ಐದೇ ಒತ್ತು! ಅಂದರೆ ವ್ಯತ್ಯಾಸವಿರುವುದು ಒತ್ತುಗಳ ಎಣಿಕೆಯಲ್ಲಲ್ಲ. ಬಳಸುವವರು ಮೊದಲೇ ಏನನ್ನು ಬಲ್ಲರು ಎಂಬುದರಲ್ಲಿ. ಹಳೆಯ ಯಂತ್ರದಲ್ಲಿ ಪಳಗಿದ ಬೆರಳಿಗೆ ಇವೆರಡೂ ಹೊಸ ಹೊರೆಯೇ.

ಶಿಕ್ಷಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಎರಡೂ ವಿನ್ಯಾಸಗಳಲ್ಲಿ ಒಂದೇ ವಾಕ್ಯವನ್ನು ಬರೆಸಿ, ತೆಗೆದುಕೊಂಡ ಸಮಯವನ್ನೂ ತಪ್ಪಿದ ಕೀಲಿಗಳನ್ನೂ ದಾಖಲಿಸಲಿ. ಒಂದೇ ಕೀಲಿಯಲ್ಲಿ ಹಲವರು ಎಡವಿದರೆ ದೋಷವನ್ನು ಹುಡುಕಬೇಕಾದುದು ಆ ಕೀಲಿಯಲ್ಲಿ. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಕಚೇರಿಗಳಲ್ಲಿ ನಾಳೆ ತಂತ್ರಾಂಶ ಬರೆಯಲಿರುವವರು ಈ ವಿದ್ಯಾರ್ಥಿಗಳೇ. ಬಳಸುವವರನ್ನು ದೂರುವ ಮೊದಲು ಗಮನಿಸುವ ಅಭ್ಯಾಸ ಅವರಿಗೆ ಇಲ್ಲಿಂದಲೇ ಆರಂಭವಾಗಲಿ.