ದಂಡಿನವನಿಗೆ ಯಾರ ಕೋರ್ಟು?

ವಿಜಯಪುರ ಜಿಲ್ಲೆಯ ಅರಕೇರಿಯಿಂದ ದಕ್ಷಿಣಕ್ಕೆ ಹೊರಟು ಕೃಷ್ಣೆ ದಾಟಿದರೆ ಕಲಾದಗಿ. ಈಗ ಚಿಕ್ಕು, ದಾಳಿಂಬೆಗೆ ಹೆಸರಾದ ಈ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡು ಬೀಡುಬಿಟ್ಟ ಜಾಗ. ಪರದೇಶಿ ಸೇನಾನೆಲೆ ಎಂದರೆ ಏನೆಂದು ತಿಳಿಯಲು ನಮ್ಮವರು ಅಮೆರಿಕದ ನೆಲೆಗಳಿರುವ ಜಪಾನಿನ ಒಕಿನಾವಾದವರೆಗೆ ಹೋಗಬೇಕಿಲ್ಲ. ಆದರೂ ಈ ಕುರಿತ ಅಧ್ಯಯನಗಳು ಬಹುಮಟ್ಟಿಗೆ 1945ರಿಂದಲೇ ಕಥೆ ಶುರುಮಾಡುತ್ತವೆ. ಅದು ಅರ್ಧ ಕಥೆ.

ಟಿಪ್ಪು ಮಡಿದ 1799ರಲ್ಲೇ ಮೈಸೂರಿನ ಮೇಲೆ ಒಂದು ಒಪ್ಪಂದ ಬಿತ್ತು. ಕಂಪನಿಯ ಪಡೆ ರಾಜ್ಯದಲ್ಲಿ ಇರುತ್ತದೆ, ಅದರ ಖರ್ಚಿಗೆ ರಾಜ್ಯ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿದ ಪಡೆ 1809ರಲ್ಲಿ ಹಲಸೂರಿನ ಬಳಿಗೆ ಬಂತು. ಬೆಂಗಳೂರು ದಂಡು ಹುಟ್ಟಿದ್ದು ಹಾಗೆ. ನಡುವೆ ಬ್ರಿಟಿಷರ ಕೈಗೆ ಹೋಗಿದ್ದ ರಾಜ್ಯ 1881ರಲ್ಲಿ ಒಡೆಯರಿಗೆ ಮರಳಿತು, ದಂಡಿನ ನೆಲ ಮರಳಲಿಲ್ಲ. ಅಲ್ಲಿ ಬ್ರಿಟಿಷ್ ರೆಸಿಡೆಂಟರದೇ ಆಡಳಿತ. ಅಷ್ಟೇ ಅಲ್ಲ, ಯುರೋಪಿಯನ್ ಬ್ರಿಟಿಷ್ ಪ್ರಜೆ ಮೈಸೂರಿನ ಯಾವ ಮೂಲೆಯಲ್ಲಿ ತಪ್ಪು ಮಾಡಿದರೂ ಅವನನ್ನು ವಿಚಾರಿಸುವ ಅಧಿಕಾರ ಮೂಲತಃ ಗವರ್ನರ್ ಜನರಲ್‌ಗೆ ಸೇರಿದ್ದು ಎಂದು ಹಸ್ತಾಂತರ ಪತ್ರವೇ ಹೇಳಿತು. ಇಂದಿನ ಸೇನಾನೆಲೆ ಒಪ್ಪಂದಗಳಲ್ಲಿ ಹೆಚ್ಚು ಜಗಳ ನಡೆಯುವುದೂ ಇಂಥದೇ ಕಲಮಿನ ಮೇಲೆ. ದಂಡಿನ ನೆಲ ಮೈಸೂರಿಗೆ ದಕ್ಕಿದ್ದು 1947ರಲ್ಲಿ.

ದಂಡುಗಳ ಸುತ್ತ ನಡೆದ ಅನ್ಯಾಯಗಳನ್ನು ಮೊದಲು ದಾಖಲಿಸಿದವರು ಪಂಡಿತರಲ್ಲ. ಸೈನಿಕರಿಗೆ ಗುಹ್ಯರೋಗ ತಗಲದಂತೆ ನೋಡಿಕೊಳ್ಳಲು ಭಾರತದಲ್ಲಿ 1868ರಲ್ಲಿ ಬಂದ ಕಾಯ್ದೆ ವೇಶ್ಯೆಯರನ್ನು ಹೆಸರು ಬರೆಸಿ ಬಲವಂತದ ತಪಾಸಣೆಗೆ ಒಳಪಡಿಸಿತು. ಸೈನಿಕನಿಗೆ ಆ ಕಟ್ಟಳೆ ಇರಲಿಲ್ಲ. 1888ರಲ್ಲಿ ಕಾಯ್ದೆ ರದ್ದಾಯಿತು. ಆದರೂ ರೂಢಿ ನಿಂತಿಲ್ಲವೆಂದು ತೋರಿಸಲು ಅಮೆರಿಕದ ಸುಧಾರಕಿಯರಾದ ಎಲಿಜಬೆತ್ ಆಂಡ್ರೂ ಮತ್ತು ಕ್ಯಾಥರೀನ್ ಬುಶ್ನೆಲ್ ದಂಡುಗಳನ್ನು ಸುತ್ತಿ, 1893ರಲ್ಲಿ ಲಂಡನ್ನಿನ ಸರ್ಕಾರಿ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ, ಬಳ್ಳಾರಿಗೆ ಹತ್ತಿರದ ಗುಂತಕಲ್ಲಿನಲ್ಲಿ, ಇಬ್ಬರು ಹೆಂಗಸರನ್ನು ಬ್ರಿಟಿಷ್ ಸೈನಿಕರಿಂದ ಕಾಯಲು ಹೋದ ರೈಲ್ವೆ ಗೇಟಿನ ಕಾವಲುಗಾರ ಹಂಪಣ್ಣ ಗುಂಡಿಗೆ ಬಲಿಯಾದ. ಗುತ್ತಿಯ ವಕೀಲ ಕೇಶವ ಪಿಳ್ಳೈ ಪತ್ರಿಕೆಯಲ್ಲಿ ಬರೆದು ಗದ್ದಲವೆಬ್ಬಿಸಿದರು. ಮದರಾಸಿನಲ್ಲಿ ವಿಚಾರಣೆ ನಡೆದು ಆರೋಪಿ ಬಿಡುಗಡೆಯಾದ. ಜನ ಚಂದಾ ಎತ್ತಿ ಹಂಪಣ್ಣನಿಗೆ ಸ್ಮಾರಕ ಕಟ್ಟಿದರು. ಗುಂತಕಲ್ ಬ್ರಿಟಿಷ್ ಇಂಡಿಯಾದ ನೆಲ, ಮೈಸೂರಿನಂತೆ ಬೇರೆ ರಾಜ್ಯವಲ್ಲ, ನಿಜ. ಕೋರ್ಟು ಯಾರದೆಂಬ ಪ್ರಶ್ನೆ ಮಾತ್ರ ಅಲ್ಲಿಯೂ ಇತ್ತು.

ವಿಶ್ವವಿದ್ಯಾಲಯಗಳು ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಬಹಳ ತಡವಾಗಿ. ಬ್ರಿಟಿಷ್ ದಂಡುಗಳ ಲೈಂಗಿಕ ರಾಜಕಾರಣದ ಮೇಲೆ ಇತಿಹಾಸಕಾರ ಕೆನೆತ್ ಬಾಲ್‌ಹ್ಯಾಚೆಟ್ 1980ರಲ್ಲಿ ಬರೆದರು. ಸೇನಾನೆಲೆಯ ಸುತ್ತ ಬದುಕುವ ಹೆಂಗಸರನ್ನು ಅಂತರರಾಷ್ಟ್ರೀಯ ರಾಜಕೀಯದ ನಡುವೆ ತಂದು ನಿಲ್ಲಿಸಿದ್ದು ಸ್ತ್ರೀವಾದಿ ವಿದ್ವಾಂಸೆ ಸಿಂಥಿಯಾ ಎನ್ಲೋ ಅವರ 1989ರ ಪುಸ್ತಕ. 1995ರಲ್ಲಿ ಒಕಿನಾವಾದಲ್ಲಿ ಮೂವರು ಅಮೆರಿಕನ್ ಸೈನಿಕರು 12 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಎಸಗಿದರು. ಆರೋಪಿಗಳನ್ನು ಜಪಾನಿಗೆ ಯಾವಾಗ ಒಪ್ಪಿಸಬೇಕೆಂಬ ಒಪ್ಪಂದದ ಕಲಮು ಬೀದಿಯ ಮಾತಾಯಿತು.

ಆಮೇಲೆ ಗಮನ ನೆಲದ ಕಡೆಗೂ ಹರಿಯಿತು. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಒಂದಾದ ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ನೆಲೆಗಾಗಿ ಬ್ರಿಟನ್ 1968ರಿಂದ 1973ರ ನಡುವೆ ಚಾಗೋಸ್ ಜನರನ್ನು ಒಕ್ಕಲೆಬ್ಬಿಸಿದ್ದನ್ನು ಮಾನವಶಾಸ್ತ್ರಜ್ಞ ಡೇವಿಡ್ ವೈನ್ 2009ರಲ್ಲಿ ವಿವರವಾಗಿ ಬರೆದರು. ಚಾಗೋಸ್ ದ್ವೀಪಗಳ ಮೇಲಿನ ಆಡಳಿತವನ್ನು ಬ್ರಿಟನ್ ಬಿಟ್ಟುಕೊಡಬೇಕೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯಪಟ್ಟಿತು.

ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಬೇರೆಯೇ. ಬಂದ ಸೈನ್ಯವನ್ನಷ್ಟೇ ದೂರುತ್ತಿದ್ದವರು, ಅದಕ್ಕೆ ನೆಲ ಕೊಟ್ಟ ಸರ್ಕಾರವನ್ನೂ ಕಟಕಟೆಗೆ ಏರಿಸತೊಡಗಿದ್ದು. ಅಮೆರಿಕದ ಜೊತೆಗಿನ ನಂಟು ಗಟ್ಟಿಮಾಡಲು ದಕ್ಷಿಣ ಕೊರಿಯಾ ಸರ್ಕಾರವೇ ನೆಲೆಗಳ ಸುತ್ತಲಿನ ವೇಶ್ಯಾವಾಟಿಕೆಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿತ್ತೆಂದು ವಿದ್ವಾಂಸೆ ಕ್ಯಾಥರೀನ್ ಮೂನ್ 1997ರಲ್ಲೇ ತೋರಿಸಿದ್ದರು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರವನ್ನು ಹೊಣೆ ಮಾಡಿ, ಆ ಮಹಿಳೆಯರಿಗೆ ಪರಿಹಾರ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. 2025ರಲ್ಲಿ ನೂರಕ್ಕೂ ಹೆಚ್ಚು ಮಹಿಳೆಯರು ಮತ್ತೆ ಕೋರ್ಟಿನ ಮೆಟ್ಟಿಲೇರಿದರು. ಈ ಸಲ ಅವರು ಅಮೆರಿಕದ ಸೇನೆಯೂ ತಪ್ಪೊಪ್ಪಿಕೊಳ್ಳಲಿ ಎಂದರು.