ಲಾರಿಯ ಗಾಲಿ ಎತ್ತಿನ ಗಾಡಿಗೆ ಬಂದ ಕತೆ

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ತೇರಿನ ಗಾಲಿಗೆ ಸಿಕ್ಕಿರುವ ಜಾಗ ಗಾಡಿಯ ಗಾಲಿಗೆ ಸಿಕ್ಕಿಲ್ಲ. ಹಂಪಿಯ ಕಲ್ಲಿನ ತೇರು ಐವತ್ತು ರೂಪಾಯಿ ನೋಟಿನ ಮೇಲೂ ಬಂದು ಕೂತಿದೆ. ಆದರೆ ಹೊಲದಿಂದ ಕಣಕ್ಕೆ, ಕಣದಿಂದ ಪೇಟೆಗೆ ಇಡೀ ಊರಿನ ಬದುಕನ್ನು ಹೊತ್ತು ತಿರುಗಿದ ಗಾಲಿ ಯಾವಾಗ ಬದಲಾಯಿತು, ಅದನ್ನು ಬದಲಿಸಿದವರು ಯಾರು, ಆ ಬದಲಾವಣೆಗೆ ಯಾರು ಬೆಲೆ ತೆತ್ತರು ಎಂಬ ಪ್ರಶ್ನೆಗಳನ್ನು ನಾವು ಕೇಳುವುದೇ ಕಡಿಮೆ. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ ಇರುವ ಆನಗೋಡಿನ ಸುತ್ತಮುತ್ತ ಓಡಾಡುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು. ಯಾಕೆಂದರೆ ಈ ಸೀಮೆಯಲ್ಲಿ ಎತ್ತಿನ ಗಾಡಿಗೆ ಹೊಸ ಕಾಲ ಬಂದದ್ದು ಹೊಸ ಗಾಲಿಯಿಂದಲ್ಲ. ಬೇರೆ ಯಾವುದೋ ವಾಹನ ಓಡಿಸಿ, ಸವೆಸಿ, ಬಿಸಾಕಿದ ಹಳೇ ಗಾಲಿಯಿಂದ.

ಮೊದಲು ಗಾಡಿಯೇ ಇಲ್ಲದ ಕಾಲವನ್ನು ನೆನೆಯಬೇಕು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಹರಿಹರ, ದಾವಣಗೆರೆಗಳನ್ನು ಹಾದು ಹೋದಾಗ ದಾವಣಗೆರೆ ಕಂಬಳಿಗೆ ಹೆಸರಾದ ವ್ಯಾಪಾರದ ಊರು. ಹೈದರಾಲಿಯ ಕಾಲದಲ್ಲಿ ಇದನ್ನು ಜಹಗೀರಾಗಿ ಪಡೆದ ಮರಾಠಾ ಸರದಾರ ಅಪ್ಪಾಜಿರಾಮ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ ಎಂದು ಗ್ಯಾಸೆಟಿಯರ್ ಹೇಳುತ್ತದೆ. ಆಗ ದೂರದ ಸರಕೆಲ್ಲ ಸಾಗುತ್ತಿದ್ದದ್ದು ಹೆಚ್ಚಾಗಿ ಹೇರೆತ್ತುಗಳ ಬೆನ್ನ ಮೇಲೆ. ಲಂಬಾಣಿಗರ ಎತ್ತಿನ ಹಿಂಡುಗಳು ಉಪ್ಪು, ದವಸ ಹೊತ್ತು ಘಟ್ಟ ಹತ್ತಿ ಇಳಿಯುತ್ತಿದ್ದವು. ಗಾಡಿ ಇರಲಿಲ್ಲ ಎಂದಲ್ಲ, ಇತ್ತು. ಆದರೆ ಅದರ ಗಾಲಿ ಬಹುಮಟ್ಟಿಗೆ ಹಲಗೆ ಜೋಡಿಸಿ ಮಾಡಿದ ಇಡೀ ದಿಮ್ಮಿಯಂಥದ್ದು, ಹೊಲದಿಂದ ಊರಿಗೆ ಬರುವಷ್ಟಕ್ಕೆ ಸಾಕಾಗುವಂಥದ್ದು. ರಸ್ತೆಯೇ ಇಲ್ಲದ ಮೇಲೆ ಗಾಲಿಗೆ ಕೆಲಸವೇನು?

ರಸ್ತೆ ಬಂದದ್ದು ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ 1834ರಿಂದ 1861ರ ನಡುವಿನ ಅವಧಿಯಲ್ಲಿ. ಮೈಸೂರು ಸಂಸ್ಥಾನದಲ್ಲಿ ಆಗ ಸುಮಾರು 1,600 ಮೈಲಿ ರಸ್ತೆಯಾಯಿತು. ಹರಿಹರದಲ್ಲಿ ತುಂಗಭದ್ರೆಗೆ ಕಟ್ಟಿದ ಸೇತುವೆ 1868ರಲ್ಲಿ ಮುಗಿಯಿತು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಹಳಿ ಬೆಳೆಯುತ್ತಾ ಬಂತು. ರೈಲು ಬಂದರೆ ಗಾಡಿ ಮೂಲೆಗೆ ಬೀಳುತ್ತದೆ ಎಂದು ನಮಗೆ ತೋರಬಹುದು. ಆದದ್ದು ತಿರುಗುಮುರುಗು. ಹತ್ತಿ, ಜೋಳ, ಶೇಂಗಾ ಎಲ್ಲವನ್ನೂ ಸ್ಟೇಷನ್ನಿಗೆ ಮುಟ್ಟಿಸಲು ಹಿಂದೆಂದಿಗಿಂತ ಹೆಚ್ಚು ಗಾಡಿಗಳು ಬೇಕಾದವು. ದಾವಣಗೆರೆ ಹತ್ತಿಯ ಗಿರಣಿಗಳ ಊರಾಗಿ, ಜನರ ಬಾಯಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಆಗಿ ಬೆಳೆದದ್ದರ ಹಿಂದೆ ರಾತ್ರಿಯಿಡೀ ಲಾಟೀನು ಕಟ್ಟಿಕೊಂಡು ಸಾಲುಗಟ್ಟಿ ನಡೆದ ಗಾಡಿಗಳಿವೆ.

ಆ ಗಾಡಿಯ ಗಾಲಿ ಒಂದು ಪುಟ್ಟ ಪವಾಡ. ನಡುವೆ ಗುಂಬ, ಗುಂಬದಿಂದ ಹೊರಟ ಅರೆಗಾಲುಗಳು, ಅವುಗಳ ತುದಿ ಹಿಡಿದಿಡುವ ಬಾಗಿದ ಮರದ ತುಂಡುಗಳ ಸುತ್ತು, ಅದರ ಮೇಲೆ ಕಬ್ಬಿಣದ ಹಳಿ. ಆನಗೋಡಿನಂಥ ಬಯಲುಸೀಮೆಯಲ್ಲಿ ಬಡಿಗನ ಕೈಗೆ ಸುಲಭಕ್ಕೆ ಸಿಗುತ್ತಿದ್ದ ಗಟ್ಟಿ ಮರ ಕರಿಜಾಲಿ. ಮರದ ಕೆಲಸ ಮುಗಿದ ಮೇಲೆ ಕಮ್ಮಾರನ ಸರದಿ. ಹಳಿಯನ್ನು ಮರದ ಸುತ್ತಿಗಿಂತ ತುಸು ಚಿಕ್ಕದಾಗಿಯೇ ಬೆಸೆದು, ಕುಳ್ಳು ಒಟ್ಟಿ ಬೆಂಕಿ ಹಾಕಿ ಕೆಂಪಗೆ ಕಾಯಿಸುತ್ತಿದ್ದರು. ಐದಡಿ ಎತ್ತರದ ಗಾಲಿಯ ಹಳಿ ಐನೂರು ಡಿಗ್ರಿ ಕಾದರೆ ಅದರ ಸುತ್ತಳತೆ ಒಂದಂಗುಲಕ್ಕೂ ಮಿಕ್ಕಿ ಹಿಗ್ಗುತ್ತದೆ. ಆ ಹಿಗ್ಗಿನಲ್ಲೇ ನಾಲ್ಕು ಜನ ಇಕ್ಕಳ ಹಿಡಿದು ಹಳಿಯನ್ನು ಎತ್ತಿ, ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಕಬ್ಬಿಣ ಕುಗ್ಗುತ್ತಾ ಹೋದಂತೆ ಸಂದುಸಂದೂ ಬಿಗಿದುಕೊಳ್ಳುತ್ತದೆ. ಅಂಟಿಲ್ಲ, ಮೊಳೆಯ ಹಂಗೂ ಹೆಚ್ಚಿಲ್ಲ.

ಈ ಕೆಲಸಕ್ಕೆ ಕೂಲಿ ಹೇಗೆ ಸಲ್ಲುತ್ತಿತ್ತು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಬಡಿಗ, ಕಮ್ಮಾರ ಇಬ್ಬರೂ ಊರಿನ ಆಯಗಾರರು. ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆ, ಗಾಡಿಯ ಸಣ್ಣಪುಟ್ಟ ರಿಪೇರಿ ಮಾಡಿಕೊಟ್ಟರೆ ಸುಗ್ಗಿಯಲ್ಲಿ ಕಣದಿಂದ ಆಯ ಬರುತ್ತಿತ್ತು. ಹೊಸ ಗಾಲಿಗೆ ಬೇರೆ ಲೆಕ್ಕ ಇದ್ದರೂ, ಬೇಸಿಗೆಯಲ್ಲಿ ಮರ ಒಣಗಿ ಸಡಿಲಾದ ಹಳಿಯನ್ನು ಮತ್ತೆ ಬಿಗಿ ಮಾಡುವುದು, ಮುರಿದ ಅರೆಗಾಲು ಹಾಕುವುದು ಎಲ್ಲ ಈ ನಂಟಿನೊಳಗಿನ ಕೆಲಸ. ಅದನ್ನು ಸುವರ್ಣಯುಗ ಎನ್ನಲು ನಾನು ಸಿದ್ಧನಿಲ್ಲ. ಆಯ ಬೇಡಲು ಕಣದ ಅಂಚಿನಲ್ಲಿ ಕಾಯುತ್ತ ನಿಲ್ಲಬೇಕಾದವರಿಗೆ ಅದರ ಕಹಿ ಗೊತ್ತಿತ್ತು, ಬರ ಬಂದ ವರ್ಷ ಆಯವೂ ಇಲ್ಲ. ಆದರೂ ಗಾಲಿಯೊಂದು ಊರೊಳಗೇ ಹುಟ್ಟಿ, ಊರೊಳಗೇ ದುರಸ್ತಿಯಾಗಿ, ಕೊನೆಗೆ ಊರಿನ ಒಲೆಯಲ್ಲೇ ಉರಿಯುತ್ತಿತ್ತು ಎಂಬುದು ನಿಜ.

ಇನ್ನು ರಬ್ಬರಿನ ಮಾತು. 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ಪಶುವೈದ್ಯ. ಬೆಲ್‌ಫಾಸ್ಟ್‌ನಲ್ಲಿದ್ದ ಅವನು ಅದನ್ನು ಮೊದಲು ಮಾಡಿದ್ದು ಮಗನ ಮೂರು ಗಾಲಿಯ ಸೈಕಲ್ಲಿಗೆ. ದನದ ಡಾಕ್ಟರು ಮಾಡಿದ ಟೈರು ಸೈಕಲ್ಲು, ಕಾರು, ಲಾರಿಗಳನ್ನೆಲ್ಲ ಸುತ್ತಿಕೊಂಡು ಕೊನೆಗೆ ದನದ ಗಾಡಿಗೆ ಬಂತು ಎಂದು ನೆನೆದಾಗ ನನಗೆ ನಗು ಬರುತ್ತದೆ. ಆ ಕಂಪನಿಯ ಹೆಸರೇ ಗಾಡಿಗೂ ಅಂಟಿಕೊಂಡು ಎಷ್ಟೋ ಕಡೆ ‘ಡನ್‌ಲಪ್ ಗಾಡಿ’ ಎಂಬ ಮಾತು ಹುಟ್ಟಿತು. ನಮ್ಮ ಕಡೆ ‘ಟೈರ್ ಗಾಡಿ’ ಎಂದರೆ ಸಾಕು.

ಈ ಸೀಮೆಗೆ ಟೈರ್ ಗಾಡಿ ಯಾಕೆ ಬೇಕಾಯಿತು? ಒಂದು ಕಾರಣ ನೀರು. 1960ರ ದಶಕದಲ್ಲಿ ಭದ್ರಾ ಅಣೆಕಟ್ಟೆಯ ಕೆಲಸ ಮುಗಿದು, ನಾಲೆ ಹರಿದ ಕಡೆ ಜೋಳದ ಹೊಲ ಭತ್ತದ ಗದ್ದೆಯಾಯಿತು, ಕಬ್ಬು ಬಂತು. ಗಟ್ಟಿ ರಸ್ತೆಯ ಮೇಲೆ ಎತ್ತರದ ಹಳಿ ಗಾಲಿ ಅಷ್ಟೇನೂ ಭಾರವಲ್ಲ. ಆದರೆ ನೆನೆದ ಎರೆ ಮಣ್ಣಿನಲ್ಲಿ ಎರಡಂಗುಲ ಅಗಲದ ಹಳಿ ಚಾಕುವಿನಂತೆ ಇಳಿದುಬಿಡುತ್ತದೆ. ಅಗಲವಾದ ರಬ್ಬರ್ ಗಾಲಿ ಅಲ್ಲಿ ತೇಲಿದಂತೆ ಸಾಗುತ್ತದೆ. ಇನ್ನೊಂದು ಕಾರಣ ಹೆದ್ದಾರಿ. ಪೂನಾ–ಬೆಂಗಳೂರು ರಸ್ತೆಯಲ್ಲಿ, ನಾವು ಇವತ್ತಿಗೂ ಪಿ.ಬಿ. ರಸ್ತೆ ಎನ್ನುವ ದಾರಿಯಲ್ಲಿ, ಲಾರಿ ಹೆಚ್ಚಿದಂತೆ ಲಾರಿಯ ಹಳೇ ಸಾಮಾನೂ ಹೆಚ್ಚಿತು. ಟೈರ್ ಅಂಗಡಿ, ವೆಲ್ಡಿಂಗ್ ಅಂಗಡಿ, ಗುಜರಿ ಒಂದರ ಪಕ್ಕ ಒಂದು ಎದ್ದವು. ಕಂಪನಿಯ ಹೊಸ ಟೈರು, ಅಚ್ಚು, ಬೇರಿಂಗಿನ ಜೋಡಿ ಕೊಳ್ಳಲಾಗದ ರೈತನಿಗೆ ಗುಜರಿಯೇ ಷೋರೂಮ್ ಆಯಿತು.

ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಓದಂಥ ಕಾರುಗಳಿಗೆ ‘ಮಸಲ್ ಕಾರ್’ ಎನ್ನುತ್ತಾರೆ. ಅವುಗಳ ಷೋಕಿ ಇರುವವರು ಹಳೇ ಗಾಲಿ ಹುಡುಕಿ ತಂದು, ತುಕ್ಕು ತೆಗೆದು, ಹೊಳಪು ಕೊಟ್ಟು ಕೂರಿಸುವುದನ್ನು ಒಂದು ಕಲೆಯಂತೆ ಮಾಡುತ್ತಾರೆ. ನಮ್ಮಲ್ಲಿ ನಿಜವಾದ ಸ್ನಾಯುಗಳೇ ಎಳೆಯುವ ವಾಹನಕ್ಕೆ ಅದೇ ಕೆಲಸ ನಡೆಯಿತು, ಷೋಕಿಗಲ್ಲ, ಹೊಟ್ಟೆಪಾಡಿಗೆ. ಅದರ ವಿದ್ಯೆ ಮಾತ್ರ ಒಂದಿಷ್ಟೂ ಕಡಿಮೆಯದ್ದಲ್ಲ.

ಹಳೇ ರಿಮ್ ಆರಿಸುವುದರಿಂದಲೇ ಪರೀಕ್ಷೆ ಶುರು. ಜೀಪಿನದಾದರೆ 16 ಇಂಚಿನ ರಿಮ್ಮು, 5 ಬೋಲ್ಟು. ಬೋಲ್ಟಿನ ತೂತು ದುಂಡಗೆ ಉಳಿದಿದೆಯೋ, ಸಡಿಲ ಓಡಿ ಮೊಟ್ಟೆಯಾಕಾರ ಆಗಿದೆಯೋ ಎಂದು ಬೆರಳಾಡಿಸಿ ನೋಡುತ್ತಾರೆ. ತೂತಿನ ಸುತ್ತ ಕೂದಲೆಳೆಯ ಬಿರುಕಿದ್ದರೆ ಆ ರಿಮ್ಮು ಬೇಡ. ಅಂಚು ಸೊಟ್ಟಗಿದ್ದರೆ ಬಡಿದು ಸರಿ ಮಾಡಬಹುದು. ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ರೆಡ್ ಆಕ್ಸೈಡ್ ಹೊಡೆಯುತ್ತಾರೆ. ಹಾಗೇ ಬಿಟ್ಟರೆ ಒಳಗಿನ ಟ್ಯೂಬನ್ನು ತುಕ್ಕೇ ತಿನ್ನುತ್ತದೆ. ಲಾರಿಯ ಹಳೇ ರಿಮ್ಮಿನಲ್ಲಿ ಲಾಕ್ ರಿಂಗ್ ಇರುತ್ತದೆ. ಅದು ತುಕ್ಕು ಹಿಡಿದು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಸಿಡಿದು ಪ್ರಾಣವನ್ನೇ ತೆಗೆಯಬಲ್ಲದು. ಅದಕ್ಕೇ ತಿಳಿದವರು ಸರಪಳಿ ಸುತ್ತಿಯೇ ಗಾಳಿ ಹೊಡೆಯುತ್ತಾರೆ. ಟೈರು ಸವೆದಿದ್ದರೂ ಅಡ್ಡಿಯಿಲ್ಲ, ಎತ್ತಿನ ನಡಿಗೆಯ ವೇಗಕ್ಕೆ ಅದು ಇನ್ನೂ ಹತ್ತು ವರ್ಷ ಬಾಳುತ್ತದೆ. ಆದರೆ ಎರಡೂ ಗಾಲಿಯ ಎತ್ತರ ಒಂದೇ ಇರಬೇಕು, ಇಲ್ಲದಿದ್ದರೆ ಹೇರು ಒಂದು ಮಗ್ಗುಲಿಗೆ ವಾಲುತ್ತದೆ.

ಅಚ್ಚಿನ ತುದಿಯನ್ನು ಬೇರಿಂಗಿನ ಅಳತೆಗೆ ಲೇತಿನಲ್ಲಿ ಕಡೆಯಬೇಕು. ಇಲ್ಲಿ ಹರಿಹರ ಕತೆಯೊಳಗೆ ಬರುತ್ತದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮಾಡುತ್ತಿದ್ದದ್ದೇ ಲೇತುಗಳನ್ನು. ಈ ಭಾಗದಲ್ಲಿ ಲೇತಿನ ಕೆಲಸ ಬಲ್ಲ ಒಂದು ತಲೆಮಾರೇ ಬೆಳೆದದ್ದು ಆ ಕಾರ್ಖಾನೆಯ ನೆರಳಿನಲ್ಲಿ. ಬೇರಿಂಗ್ ಕೂರಿಸಿ, ಗ್ರೀಸ್ ತುಂಬಿ, ನಟ್ಟನ್ನು ಪೂರ್ತಿ ಬಿಗಿದು, ಮತ್ತೆ ಕೊಂಚ ಸಡಿಲಿಸಿ, ಪಿನ್ನು ಹಾಕುವುದು ಕ್ರಮ. ಮರದ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುತ್ತಿದ್ದ ಕಡಾಣಿಯ ಕೆಲಸವನ್ನೇ ಈ ಪಿನ್ನು ಮಾಡುತ್ತದೆ. ಕೀಲೆಣ್ಣೆಯ ಜಾಗಕ್ಕೆ ಗ್ರೀಸ್ ಬಂತು, ಅಷ್ಟೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅಚ್ಚನ್ನು ಗಾಡಿಯ ತಳಕ್ಕೆ ಎಲ್ಲಿ ಕೂರಿಸಬೇಕೆಂಬುದು. ಗೇಣು ಹಿಂದೆ ಸರಿದರೆ ಹೇರಿನ ಭಾರವೆಲ್ಲ ಎತ್ತಿನ ಹೆಗಲಿಗೆ. ಗೇಣು ಮುಂದೆ ಬಂದರೆ ಮೂಕಿ ಮೇಲೆದ್ದು, ನೊಗದ ಹಗ್ಗ ಎತ್ತಿನ ಗಂಟಲನ್ನೇ ಹಿಡಿಯುತ್ತದೆ. ಹಿಂದೆ ಮರದ ಗಾಲಿ ಮಾಡುತ್ತಿದ್ದು, ಆಮೇಲೆ ಟೈರ್ ಗಾಡಿಗೆ ತಳ ಕಟ್ಟಿಕೊಟ್ಟ ಹಿರಿಯರೊಬ್ಬರು ನನಗೆ ಹೇಳಿದ್ದು ಇಷ್ಟು: “ಗಾಲಿ ಎಲ್ಲಿಂದಾರ ತರ್ರಿ ಸಾರ್, ಲಾರೀದೋ ಜೀಪಿಂದೋ. ಎತ್ತಿನ ಹೆಗಲು ಮಾತ್ರ ಗುಜರ್ಯಾಗೆ ಸಿಗಂಗಿಲ್ಲ.”

ಈ ಮಾತು ದೊಡ್ಡವರ ಚರ್ಚೆಯಲ್ಲೂ ಇತ್ತು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನೇ ತಮ್ಮ ಕೆಲಸವಾಗಿಸಿಕೊಂಡರು. ಕಂಪ್ಯೂಟರು, ಕಾರ್ಖಾನೆಗಳ ಬಗ್ಗೆ ಕಲಿಸಬೇಕಾದವರು ನೊಗದ ಹುಣ್ಣಿನ ಬಗ್ಗೆ ಮಾತಾಡುತ್ತಾರಲ್ಲ ಎಂದು ಹಲವರಿಗೆ ಸೋಜಿಗ. ಅವರ ವಾದ ಸರಳ: ದೇಶದಲ್ಲಿ ಕೋಟಿಗೂ ಮೀರಿದ ಗಾಡಿಗಳಿವೆ, ಅವುಗಳ ಮೇಲೆ ಹೂಡಿದ ಹಣವೂ ಅವು ಸಾಗಿಸುವ ಸರಕೂ ಸಣ್ಣದಲ್ಲ, ಹಾಗಿದ್ದೂ ಅದಕ್ಕೆ ಬ್ರೇಕಿಲ್ಲ, ಹದವಾದ ನೊಗವಿಲ್ಲ, ಬೇರಿಂಗಿಲ್ಲ.

ಬೇರಿಂಗೂ ಟೈರೂ ಬಂದವು. ಎತ್ತಿಗೆ ಸುಖವಾಯಿತೇ? ಮರದ ಗಾಲಿಯ ಗಾಡಿಗೆ ಒಂದು ಟನ್ನಿನ ಆಸುಪಾಸು ಹೇರುತ್ತಿದ್ದ ಜಾಗದಲ್ಲಿ ಟೈರ್ ಗಾಡಿಗೆ ಎರಡು ಟನ್ನಿನವರೆಗೂ ಹೇರತೊಡಗಿದರು. ಗಾಲಿ ಉಳಿಸಿಕೊಟ್ಟ ಶ್ರಮವನ್ನು ಹೇರು ನುಂಗಿತು. ಹಾಗೆ ಹೇರಿದವನನ್ನು ಬೈಯುವುದೂ ಸುಲಭವಲ್ಲ. ಟೈರು, ಟ್ಯೂಬು, ಪಂಕ್ಚರು, ಗ್ರೀಸು ಯಾವುದಕ್ಕೂ ಆಯ ಕೊಟ್ಟು ಮುಗಿಸುವಂತಿಲ್ಲ, ಎಲ್ಲಕ್ಕೂ ರೊಕ್ಕ. ರೊಕ್ಕಕ್ಕೆ ಬಾಡಿಗೆ, ಬಾಡಿಗೆಗೆ ಹೆಚ್ಚು ಹೇರು. ಊರಿನ ಕಣದಲ್ಲಿ ತೀರುತ್ತಿದ್ದ ಗಾಲಿಯ ಲೆಕ್ಕ ಹೀಗೆ ಪಿ.ಬಿ. ರಸ್ತೆಯ ಅಂಗಡಿಯ ಸಾಲದ ಪುಸ್ತಕಕ್ಕೆ ಹೋಯಿತು. ನನ್ನ ಮಟ್ಟಿಗೆ ಈ ಕತೆಯ ಅಸಲು ತಿರುವು ಇದೇ, ಮರದಿಂದ ರಬ್ಬರಿಗೆ ಆದದ್ದಲ್ಲ, ಕಾಳಿನಿಂದ ಕಾಸಿಗೆ ಆದದ್ದು.

ಕಾಸಿನ ಬೇಸಾಯದ ಬಿಸಿ ಎಷ್ಟಿತ್ತು ಎಂಬುದಕ್ಕೆ ಆನಗೋಡೇ ಸಾಕ್ಷಿ. 1992ರ ಸೆಪ್ಟೆಂಬರ್ 13ರಂದು ಇಲ್ಲಿ ನಡೆದ ರೈತ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಓಬೇನಹಳ್ಳಿಯ ಕಲ್ಲಿಂಗಪ್ಪ, ಸಿದ್ದನೂರಿನ ನಾಗರಾಜಾಚಾರ್ ಬಲಿಯಾದರು. ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಮೇಲಿದ್ದ ಹಿಡಿತವನ್ನು ಬಿಟ್ಟುಕೊಟ್ಟಿತ್ತು. ಗೊಬ್ಬರ, ಬೀಜ, ಡೀಸೆಲ್, ಟೈರು ಎಲ್ಲವೂ ಹೆದ್ದಾರಿಯ ಮೇಲೆಯೇ ಬರುವ ಕಾಲದಲ್ಲಿ ರೈತನ ಸಿಟ್ಟೂ ಹೆದ್ದಾರಿಯ ಊರಿನಲ್ಲೇ ಹೊರಬಿದ್ದದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಇವತ್ತಿಗೂ ಪ್ರತಿ ವರ್ಷ ಆ ದಿನ ರೈತರು ಆನಗೋಡಿನಲ್ಲಿ ಸೇರಿ ಹುತಾತ್ಮರನ್ನು ನೆನೆಯುತ್ತಾರೆ.

ಆಮೇಲೆ ರಸ್ತೆ ಅಗಲವಾಯಿತು, ಟ್ರ್ಯಾಕ್ಟರ್ ಮನೆಮನೆಗೆ ಬಂತು. ಲೇತುಗಳನ್ನು ಮಾಡುತ್ತಿದ್ದ ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ಬಾಗಿಲು ಮುಚ್ಚಿತು. ಮರದ ಗಾಲಿಗಳಿಗೆ ಈಗ ವಾರ್ನಿಷ್ ಬಳಿದು ಢಾಬಾ, ರೆಸಾರ್ಟುಗಳ ಗೋಡೆಗೆ ಒರಗಿಸುತ್ತಾರೆ. ಅದಕ್ಕೆ ಕೊನೇ ಪಕ್ಷ ಅಂದದ ಮರ್ಯಾದೆ ಸಿಕ್ಕಿತು. ಟೈರ್ ಗಾಡಿಗೆ ಅದೂ ಇಲ್ಲ. ಮರದ ಗಾಲಿಯಂತೆ ಪುರಾತನವಲ್ಲ, ಟ್ರ್ಯಾಕ್ಟರಿನಂತೆ ಹೊಸದಲ್ಲ, ಯಾವ ವಸ್ತುಸಂಗ್ರಹಾಲಯವೂ ಅದನ್ನು ಕೇಳುವುದಿಲ್ಲ. ಆದರೆ ಐವತ್ತು ವರ್ಷಗಳ ಮಟ್ಟಿಗೆ ಈ ನಾಡಿನ ಭತ್ತ, ಕಬ್ಬು, ಮೆಕ್ಕೆಜೋಳವನ್ನು ಹೊತ್ತದ್ದು ಅದು. ಬಡಿಗನ ಕಣ್ಣಳತೆ, ಲೇತಿನವನ ಕೈಚಳಕ, ಗುಜರಿಯವನ ಲೆಕ್ಕಾಚಾರ ಮೂರೂ ಒಂದೇ ಅಚ್ಚಿನ ಮೇಲೆ ಕೂಡಿದ್ದು ಅದರಲ್ಲಿ.

ಚರಿತ್ರೆ ಓದುವ ಗೆಳೆಯರಿಗೆ ನನ್ನದೊಂದು ಕೋರಿಕೆ. ನಿಮ್ಮ ಊರಿನ ಹಿತ್ತಿಲಲ್ಲಿ, ಹುಲ್ಲಿನ ಬಣವೆಯ ಮರೆಯಲ್ಲಿ ಗಾಳಿ ಇಳಿದ ಟೈರ್ ಗಾಡಿಯೊಂದು ನಿಂತಿದ್ದರೆ ಬಗ್ಗಿ ಅದರ ತಳ ನೋಡಿ. ರಿಮ್ಮು ಯಾವ ವಾಹನದ್ದು, ಅಚ್ಚು ಕಡೆದವರು ಯಾರು, ತಳ ಕಟ್ಟಿದ ಬಡಿಗನ ಮನೆಯವರು ಈಗ ಏನು ಮಾಡುತ್ತಿದ್ದಾರೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಹೇಳಬಲ್ಲವರು ಇನ್ನೂ ಇದ್ದಾರೆ.