ನಕಾಶೆಯ ಬಣ್ಣ, ನೆಲದ ಒಡೆತನ: ಶಿವಮೊಗ್ಗ–ಭದ್ರಾವತಿಯ ಕಚೇರಿ ರಾಜಕಾರಣ

ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಅರ್ಧ ಗಂಟೆಯ ಹಾದಿ. ಈ ಹಾದಿಯ ಅಕ್ಕಪಕ್ಕ ಯಾರಾದರೂ ನಾಲ್ಕು ಅಂತಸ್ತಿನ ಕಚೇರಿ ಕಟ್ಟಡ ಎಬ್ಬಿಸಹೊರಟರೆ ತಟ್ಟಬೇಕಾದ ಬಾಗಿಲುಗಳು ಎಷ್ಟು? ಒಂದು ತುದಿಯಲ್ಲಿ ಮಹಾನಗರ ಪಾಲಿಕೆ, ಇನ್ನೊಂದು ತುದಿಯಲ್ಲಿ ನಗರಸಭೆ, ನಡುವೆ ಗ್ರಾಮ ಪಂಚಾಯಿತಿಗಳು. ಭೂಬಳಕೆ ಎರಡೂ ಊರುಗಳಿಗೆ ಸೇರಿದ ನಗರಾಭಿವೃದ್ಧಿ ಪ್ರಾಧಿಕಾರದ್ದು. ಗದ್ದೆ–ತೋಟವಾದರೆ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ, ಕೈಗಾರಿಕಾ ಪ್ರದೇಶವಾದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ). ಈ ಬಾಗಿಲುಗಳ ಲೆಕ್ಕ ಹಾಕಿ ಆಡಳಿತದ ಗೊಂದಲವನ್ನು ದೂರುವುದು ಸುಲಭ. ಆದರೆ ಈ ಜೋಡಿ ಊರುಗಳಲ್ಲಿ ಕಚೇರಿಯ ಜಾಗವನ್ನು ನಿರ್ಧರಿಸುವುದು ಪರವಾನಗಿಗಿಂತ ಹೆಚ್ಚಾಗಿ ನೆಲದ ಒಡೆತನ ಎಂಬುದು ಈ ಲೇಖನದ ವಾದ.

ಕಚೇರಿ ಯೋಜನೆಯ ಚರ್ಚೆಯಲ್ಲಿ ಲಂಡನ್ ಮತ್ತೆ ಮತ್ತೆ ಬರುವ ಉದಾಹರಣೆ. 1964ರ ನವೆಂಬರಿನಲ್ಲಿ ಸಚಿವ ಜಾರ್ಜ್ ಬ್ರೌನ್ ಅಲ್ಲಿ ಹೊಸ ಕಚೇರಿ ಕಟ್ಟಡಗಳಿಗೆ ತಡೆ ಹಾಕಿದರು. ಮರುವರ್ಷ ಅದಕ್ಕೆ ಕಾನೂನಿನ ಬಲ ಬಂತು. ನಗರ ಉಬ್ಬುವುದನ್ನು ನಿಲ್ಲಿಸಿ ಉದ್ಯೋಗವನ್ನು ಹೊರಗೆ ಹಂಚುವುದು ಉದ್ದೇಶ. ಆದದ್ದೇ ಬೇರೆ. ಮೊದಲೇ ಅನುಮತಿ ಪಡೆದಿದ್ದವರ ಕಟ್ಟಡಗಳಿಗೆ ಬೆಲೆ ಏರಿತು; 1966ರಲ್ಲಿ ಮುಗಿದ ಸೆಂಟರ್ ಪಾಯಿಂಟ್ ಗೋಪುರ ವರ್ಷಗಟ್ಟಲೆ ಖಾಲಿ ನಿಂತಿತು. ಬೇಡಿಕೆ ಉಕ್ಕುವ ಊರಿನಲ್ಲಿ ಅನುಮತಿ ಪತ್ರವೇ ಆಸ್ತಿ. ಶಿವಮೊಗ್ಗದಲ್ಲಿ ಆ ಒತ್ತಡವಿಲ್ಲ. ಇಲ್ಲಿ ಕಟ್ಟಡ ಮೊದಲು, ಬಾಡಿಗೆದಾರ ಆಮೇಲೆ. ಮಾಚೇನಹಳ್ಳಿಯ ಕಿಯೋನಿಕ್ಸ್ ಐಟಿ ಪಾರ್ಕಿನ ಹಿಂದಿರುವುದೂ ಇದೇ ತರ್ಕ: ಸರ್ಕಾರ ಸೂರು ಕಟ್ಟಿಟ್ಟರೆ ಬೆಂಗಳೂರಿನ ಕಂಪನಿ ಬಂದೀತು.

ಭದ್ರಾವತಿಯ ಕಥೆ ಇನ್ನೂ ಹಳೆಯದು. ಬೆಂಕಿಪುರ ಎಂದಿದ್ದ ಊರಿಗೆ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆ ತಂದಿತು; 1923ರಲ್ಲಿ ಉತ್ಪಾದನೆ ಶುರುವಾಯಿತು, ಆಡಳಿತದ ಹೊಣೆ ವಿಶ್ವೇಶ್ವರಯ್ಯನವರ ಹೆಗಲೇರಿತು. ಕಾರ್ಖಾನೆಯೊಂದಿಗೆ ನ್ಯೂ ಟೌನ್ ಬೆಳೆಯಿತು. 1930ರ ದಶಕದಲ್ಲಿ ಕಾಗದ ಕಾರ್ಖಾನೆ ಬಂದಾಗ ಪೇಪರ್ ಟೌನ್ ಹುಟ್ಟಿತು. ಬೀದಿ, ವಸತಿಗೃಹ, ಆಸ್ಪತ್ರೆ, ಶಾಲೆ, ಕಚೇರಿ ಎಲ್ಲವೂ ಕಂಪನಿಯವು. ಊರಿನ ಯೋಜನೆ ಎಂಬ ಮಾತು ಪೌರಸಭೆಯ ಮೇಜಿಗೆ ಬರುವ ಮುಂಚೆ ಕಾರ್ಖಾನೆಯ ಎಂಜಿನಿಯರನ ಮೇಜಿನಲ್ಲೇ ತೀರ್ಮಾನವಾಗುತ್ತಿತ್ತು. ಬಾಳಿಕೆ ಬರುವ ಬೀದಿಗಳನ್ನೇ ಹಾಕಿದರು ಅನ್ನಿ. ನ್ಯೂ ಟೌನಿನ ಮರಗಳ ನೆರಳು ಶಿವಮೊಗ್ಗದ ಹೊಸ ಬಡಾವಣೆಗಳಿಗೆ ಇನ್ನೂ ದಕ್ಕಿಲ್ಲ.

ಆದರೆ ಕಂಪನಿ ಹಾಕಿದ ಆ ಊರ ಯೋಜನೆ ಕಾರ್ಖಾನೆಯ ಉಸಿರಿಗೆ ಕಟ್ಟಿಕೊಂಡದ್ದು. ಮುಂದೆ ಉಕ್ಕಿನದಾದ ಆ ಕಬ್ಬಿಣದ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರೊಳಗೇ ವಿಲೀನವಾಯಿತು. ರಾಜ್ಯ ಸರ್ಕಾರದ ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. 2001 ಮತ್ತು 2011ರ ಜನಗಣತಿಗಳ ನಡುವೆ ಶಿವಮೊಗ್ಗ ಸುಮಾರು 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿದರೆ, ಭದ್ರಾವತಿ ಸುಮಾರು 1.60 ಲಕ್ಷದಿಂದ 1.51 ಲಕ್ಷಕ್ಕೆ ಇಳಿಯಿತು. ರಸ್ತೆ, ನೀರು, ಕಟ್ಟಡ ಎಲ್ಲ ಇರುವ ನೆಲ ಜನ ಕಡಿಮೆಯಾದ ಊರಿನಲ್ಲಿದೆ. ಬೆಳೆಯುವ ಊರು ಹೊಸ ನೆಲ ಹುಡುಕುತ್ತದೆ. ಕಾರ್ಖಾನೆಗಳ ಒಡೆತನದ ಆ ಹಳೆಯ ನೆಲದ ಬಗ್ಗೆ ಭದ್ರಾವತಿಯ ನಗರಸಭೆ ಠರಾವು ಮಾಡಬಹುದಷ್ಟೆ.

ಶಿವಮೊಗ್ಗ ನಗರದಲ್ಲಿ ಸರ್ಕಾರದ ಕೈಯಲ್ಲೇ ಇದ್ದ ನೆಲದ ಒಂದು ಉದಾಹರಣೆ ಹಳೆಯ ಜೈಲಿನದು. ಜೈಲು ಸೋಗಾನೆಗೆ ಹೋದಾಗ ಊರಿನ ನಡುವೆ ದೊಡ್ಡ ಆವರಣ ತೆರವಾಯಿತು. ಆಡಳಿತ ಕಚೇರಿಗಳ ಸಮುಚ್ಚಯಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಅಲ್ಲಿ ಬಂದದ್ದು ಫ್ರೀಡಂ ಪಾರ್ಕ್. ಊರಿಗೆ ಬಯಲು ಉಳಿದದ್ದು ಒಳ್ಳೆಯದೇ; ಗಮನಿಸಬೇಕಾದದ್ದು, ಆಯ್ಕೆ ಸಾಧ್ಯವಾದದ್ದು ಒಡೆತನ ಸರ್ಕಾರದ್ದಾಗಿದ್ದರಿಂದ. ಅದೇ ಸೋಗಾನೆಯಲ್ಲಿ ಸುಮಾರು 775 ಎಕರೆಯಲ್ಲಿ ವಿಮಾನ ನಿಲ್ದಾಣವೂ ಎದ್ದಿತು, 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದರ ಹಿಂದೆ ಬಿ.ಎಸ್. ಯಡಿಯೂರಪ್ಪನವರ ರಾಜಕೀಯ ತೂಕವಿತ್ತು ಎಂಬುದು ಗುಟ್ಟಲ್ಲ. ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಪುಟಗಳಿಗಿಂತ ವಿಮಾನ ನಿಲ್ದಾಣದ ಆ ಒಂದು ನಿರ್ಧಾರ ಕಚೇರಿ, ಹೋಟೆಲು, ನಿವೇಶನಗಳ ಮಾತನ್ನು ಹೆಚ್ಚಾಗಿ ಆ ದಿಕ್ಕಿಗೆ ತಿರುಗಿಸಿತು.

ಕಾನೂನು ಏನು ಹೇಳುತ್ತದೆ? 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಮಹಾಯೋಜನೆಯನ್ನು ಕಡ್ಡಾಯ ಮಾಡಿತು. ಅದರದೇ 14-ಎ ಕಲಮು ಆ ಯೋಜನೆಯ ನಕಾಶೆಯಲ್ಲಿ ಭೂಬಳಕೆಯನ್ನು ಸೂಚಿಸುವ ಬಣ್ಣ ಬದಲಿಸಲು ದಾರಿ ಕೊಟ್ಟಿತು. ಹಳದಿ ಬಣ್ಣದ ವಸತಿ ವಲಯದ ಮನೆಗಳು ಒಂದೊಂದಾಗಿ ಕ್ಲಿನಿಕ್ಕು, ವಕೀಲರ ಕಚೇರಿ, ಆಡಿಟರ ಕಚೇರಿಗಳಾಗುವಾಗ ಆ ದಾರಿಯನ್ನೂ ಹಿಡಿಯದೆ ಬೋರ್ಡು ತೂಗುಹಾಕುವವರೇ ಹೆಚ್ಚು. 1987ರ ಕಾಯ್ದೆಯಡಿಯ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಸರ್ಕಾರ ಬದಲಾದರೆ ಕುರ್ಚಿಯೂ ಬದಲಾಗುತ್ತದೆ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗಲೂ ಕೆಲಸ ನಡೆಸಿದ್ದು ಚುನಾಯಿತ ಪಾಲಿಕೆಯಲ್ಲ, ಅದಕ್ಕೆಂದೇ ಹುಟ್ಟಿದ ಕಂಪನಿ. ಸಂವಿಧಾನದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿಗೆ ಕೊಟ್ಟ ಜಾಗ ಈ ಸಾಲಿನಲ್ಲಿ ಎಲ್ಲೂ ಕಾಣುವುದಿಲ್ಲ.

ಭದ್ರಾವತಿಯ ಎರಡು ಟೌನುಗಳನ್ನು ಒಂದೇ ಸಮಸ್ಯೆ ಎಂದು ಕಾಣುವುದು ತಪ್ಪು. ನ್ಯೂ ಟೌನಿನ ಮಾತು ದೆಹಲಿಗೆ ಹೋಗಿಬರಬೇಕು. ಪೇಪರ್ ಟೌನು ರಾಜ್ಯದ್ದು. ಅಲ್ಲಿ ಮಾಚೇನಹಳ್ಳಿಯಂಥ ಇನ್ನೊಂದು ಕಟ್ಟಡ ಎಬ್ಬಿಸುವ ಬದಲು ಇರುವ ಸೂರಿನಡಿ ಜಿಲ್ಲೆಯ ಕೆಲವು ಕಚೇರಿಗಳನ್ನು ಕೂರಿಸಲು ಬೆಂಗಳೂರಿನ ಒಂದು ಆದೇಶ ಸಾಕು. ಚರ್ಚೆ ಶುರುವಾಗಬೇಕಾದದ್ದು ಉಕ್ಕಿನ ಗೇಟಿನ ಮುಂದಲ್ಲ, ಕಾಗದದ ಗೇಟಿನ ಮುಂದೆ.